ಲಾರಿಗಿಂತ ಮೊದಲು ಲೇಜಿಮ್

ಈ ಸಭೆಯ ಅಧ್ಯಕ್ಷಸ್ಥಾನವನ್ನೂ ಈ ಶಾಲೆಯಲ್ಲಿ ಕೈ ಮುರಿಯದೆ ಉಳಿದಿರುವ ಒಂದೇ ಕುರ್ಚಿಯನ್ನೂ ಏಕಕಾಲಕ್ಕೆ ಅಲಂಕರಿಸಿರುವ ಮಾನ್ಯ ಬಾಳಾಸಾಹೇಬರೇ, ನಮ್ಮ ಮಕ್ಕಳಿಗೆ ಅಕ್ಷರವನ್ನೂ ನಮಗೆ ಶಿಸ್ತನ್ನೂ ಕಲಿಸುತ್ತಿರುವ ಮುಖ್ಯಾಧ್ಯಾಪಕಿ ಶಾಂತಾದೇವಿ ಬಾಯಿಯವರೇ, ಕರಿಮಡ್ಡಿ ವಸ್ತಿಯ ಸಮಸ್ತ ತಾಯಿ-ತಂದೆಯರೇ, ಅಜ್ಜ-ಆಯಿಯರೇ, ಒಳಗೆ ಬರಲು ನಾಚಿ ಕಿಟಕಿಗೆ ಜೋತುಬಿದ್ದಿರುವ ಗಂಡಸರೇ, ಹಾಗೂ ಇದು ಯಾತರ ಸಭೆ ಎಂದು ತಿಳಿಯದಿದ್ದರೂ ಕೊನೆಗೆ ಚಹಾ ಇದೆ ಎಂಬುದನ್ನು ಖಚಿತವಾಗಿ ತಿಳಿದು ಬಂದಿರುವ ಸಭಿಕರೇ,

ನಾನು ಮುರಗೆಪ್ಪ. ಹಿಟ್ಟಿನ ಗಿರಣಿಯವನು. ಈ ವರ್ಷ ನಮ್ಮ ಕನ್ನಡ ಶಾಲೆಯ ಪಾಲಕರ ಸಮಿತಿಗೆ ನನ್ನನ್ನು ಅಧ್ಯಕ್ಷನನ್ನಾಗಿ ಆರಿಸಿದ್ದೀರಿ. ಯಾಕೆ ಆರಿಸಿದಿರಿ? ನನ್ನ ವಿದ್ಯೆ ನೋಡಿಯೇ? ನನ್ನ ಬುದ್ಧಿ ನೋಡಿಯೇ? ಅಲ್ಲ. ಗಿರಣಿಯ ಸದ್ದಿನ ಮೇಲೆ ಕೂಗಿ ಕೂಗಿ ನನ್ನ ಗಂಟಲು ತಯಾರಾಗಿದೆ, ಮೈಕಿನ ಬಾಡಿಗೆ ಉಳಿಯುತ್ತದೆ ಎಂದು ಆರಿಸಿದ್ದೀರಿ. ಇರಲಿ. ಗೌರವ ಯಾವ ಬಾಗಿಲಿನಿಂದ ಬಂದರೂ ಗೌರವವೇ.

ಮೊದಲಿಗೆ ನಮ್ಮ ಶಾಲೆಯ ಬಗ್ಗೆ ಎರಡು ಮಾತು. ನಾವು ಮಹಾರಾಷ್ಟ್ರದಲ್ಲಿದ್ದೇವೆ. ನಮ್ಮ ಶಾಲೆಗೆ ಆದೇಶ ಮರಾಠಿಯಲ್ಲಿ ಬರುತ್ತದೆ, ಮಕ್ಕಳು ಉತ್ತರವನ್ನು ಕನ್ನಡದಲ್ಲಿ ಬರೆಯುತ್ತಾರೆ, ಬಾಯಿಯವರು ಎರಡರಲ್ಲೂ ಬೈಯುತ್ತಾರೆ. ಇಂಥ ಭಾಗ್ಯ ಸಾಂಗಲಿಯ ದೊಡ್ಡ ದೊಡ್ಡ ಶಾಲೆಗಳಿಗೆ ಇದೆಯೇ? ವಿಜಯಪುರದ ಶಾಲೆಗಳಿಗೆ ಇದೆಯೇ? ನನಗೆ ಹೆಮ್ಮೆ ಎನಿಸುತ್ತದೆ. ನಿಮಗೂ ಎನಿಸುತ್ತದೆ, ನೀವು ಹೇಳುವುದಿಲ್ಲ, ಅಷ್ಟೆ.

ಇವತ್ತು ನನಗೆ ಒಪ್ಪಿಸಿರುವ ಕೆಲಸ ಸಣ್ಣದು. ಈ ವರ್ಷ ನಮ್ಮ ಮನೆಮಂದಿಗಾಗಿ ಶಾಲೆಯಲ್ಲಿ ನಡೆಯುವ ಕಾರ್ಯಕ್ರಮಗಳನ್ನು ತಿಳಿಸಿ ಕೆಳಗಿಳಿಯಬೇಕು. "ಐದೇ ಮಿನಿಟ್ ರೀ, ಮುರಗೆಪ್ಪಣ್ಣಾ" ಎಂದು ಬಾಯಿಯವರು ಹೇಳಿದ್ದಾರೆ. ನಮ್ಮ ಗಡಿಯಾರ ಬೇರೆ, ಅವರ ಗಡಿಯಾರ ಬೇರೆ.

ಮೊದಲನೆಯದು ಬಾಲ ಬಾಜಾರ. ಗಣಪತಿ ಹೋದ ಮೇಲಿನ ರವಿವಾರ, ಇದೇ ಅಂಗಳದಲ್ಲಿ. ಮಕ್ಕಳೇ ಅಂಗಡಿ ಹಾಕುತ್ತಾರೆ, ಮಕ್ಕಳೇ ತೂಗುತ್ತಾರೆ, ಮಕ್ಕಳೇ ಚಿಲ್ಲರೆ ಕೊಡುತ್ತಾರೆ. ದೊಡ್ಡವರು ಕೊಳ್ಳುವುದು, ತಿನ್ನುವುದು. ಕಳೆದ ಸಲ ಒಬ್ಬ ಮಹಾಶಯರು ತಮ್ಮ ಮಗ ಮಾರುತ್ತಿದ್ದ ಭಜಿ ತಿಂದು, ಪಕ್ಕದಲ್ಲಿದ್ದ ಹೆಂಡತಿಗೆ, "ನೋಡ, ಭಜಿ ಅಂದ್ರ ಹಿಂಗ ಇರಬೇಕ. ನೀ ಮನ್ಯಾಗ ಒಂದಿನಾನೂ ಇಂಥಾದ್ ಮಾಡಿಲ್ಲ" ಎಂದರು. ಆ ತಾಯಿ, "ಮುಂಜಾನಿ ನಾನ ಕರದ ಕೊಟ್ಟದ್ದ ಅವು. ರೊಕ್ಕಾ ಕೊಟ್ಟ ತಿಂದೀರಿ, ಅದಕ್ಕ ರುಚಿ ಹತ್ತೇತಿ" ಎಂದರು. ಆ ಮಹಾಶಯರು ಯಾರೆಂದು ನಾನು ಹೇಳುವುದಿಲ್ಲ. ಈಗ ಮೀಸೆಯ ಮೇಲೆ ಕೈ ಇಟ್ಟುಕೊಂಡಿರುವವರು ಕೈ ಇಳಿಸಿದರೆ ಯಾರಿಗೂ ಗೊತ್ತಾಗುವುದೂ ಇಲ್ಲ.

ಎರಡನೆಯದು ತಾಯಂದಿರ ಅರಿಶಿನ-ಕುಂಕುಮ. ನವರಾತ್ರಿಯ ಶುಕ್ರವಾರ. ಈಗ ಕೆಲವು ಹಿರಿಯರು ಒಬ್ಬರನ್ನೊಬ್ಬರು ನೋಡಿಕೊಳ್ಳುತ್ತಿದ್ದೀರಿ. ಅರಿಶಿನ-ಕುಂಕುಮವೆಂದರೆ ಸಂಕ್ರಮಣದ ಹಬ್ಬ, ದಸರೆಗೆ ಹೇಗೆ ಬಂತು ಎಂದು ನಿಮ್ಮ ಪ್ರಶ್ನೆ. ನನ್ನದೂ ಇದೇ ಪ್ರಶ್ನೆಯಾಗಿತ್ತು. ಈ ಯೋಜನೆ ಪೂರ್ತಿ ನನ್ನದೇ. ಅಂದರೆ, ನಾನು ಊಟಕ್ಕೆ ಕೂತಾಗ ನಮ್ಮ ಮನೆಯವರು, ದಾಕ್ಷಾಯಣಿ, ಹೇಳಿದ್ದು. ನಾನು ಅಧ್ಯಕ್ಷನ ಗತ್ತಿನಲ್ಲಿ, "ಎಳ್ಳು-ಬೆಲ್ಲದ ಕಾರ್ಯಕ್ರಮ ದಸರಾದಾಗ ಮಾಡೂದ್ ಅಂದ್ರ ಮಂದಿ ಏನ ಅಂದಾರು?" ಎಂದೆ. ಆಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಡಬ್ಬ್ಯಾಗ ಎಳ್ಳ ವರ್ಷಪೂರ್ತಿ ಇರ್ತಾವ್ರಿ. ಊರಾಗ ಹೆಣ್ಮಕ್ಕಳ ಇರಂಗಿಲ್ಲ. ಅವರ ಇದ್ದಾಗ ಮಾಡೂಣು" ಎಂದಳು.

ಸಭಿಕರೇ, ನಾನು ರೊಟ್ಟಿ ನುಂಗುವುದನ್ನು ಮರೆತೆ. ನಿಜವಲ್ಲವೇ? ದಸರೆಯಾದ ಕೂಡಲೆ ನಮ್ಮ ವಸ್ತಿಯ ಅರ್ಧ ಮನೆಗಳಿಗೆ ಬೀಗ ಬೀಳುತ್ತದೆ. ಕಬ್ಬು ಕಡಿಯುವ ಟೋಳಿಗಳು ಗುಂಪು ಗುಂಪಾಗಿ ಲಾರಿ ಹತ್ತಿ ಕಾರ್ಖಾನೆಯ ಕಡೆಗೆ ಹೋಗುತ್ತವೆ. ಸಣ್ಣ ಕೂಸುಗಳು ತಾಯಿಯ ಜೊತೆ. ಶಾಲೆಯ ಮಕ್ಕಳು ಆಯಿಯ ಜೊತೆ ಊರಲ್ಲಿ. ನಾವು ತಾಯಂದಿರ ಕಾರ್ಯಕ್ರಮವನ್ನು ತಾಯಂದಿರು ಇಲ್ಲದ ತಿಂಗಳಲ್ಲಿ ಇಟ್ಟುಕೊಂಡು, ಖಾಲಿ ಜಮಖಾನೆಯನ್ನು ನೋಡಿ "ಪಾಲಕರಿಗೆ ಆಸಕ್ತಿ ಇಲ್ಲ" ಎಂದು ನಿಟ್ಟುಸಿರು ಬಿಡುತ್ತಿದ್ದೆವು! ಇಂಥ ಜಾಣತನ ನಮಗಲ್ಲದೆ ಇನ್ನಾರಿಗೆ ಹೊಳೆದೀತು?

ಆದ್ದರಿಂದ ನವರಾತ್ರಿಯಲ್ಲಿ. ಕುಂಕುಮ ಹಚ್ಚಿಕೊಳ್ಳುವವರಿಗೆ ಕುಂಕುಮ, ಹಚ್ಚಿಕೊಳ್ಳದವರಿಗೆ ಹೂವು ಮತ್ತು ಅತ್ತರು. ಗಂಡನ ಹೆಸರು ಹೇಳುವ ಒಡಪಿನ ಸ್ಪರ್ಧೆಯೂ ಉಂಟು. ನಮ್ಮ ಮೊಬೈಲ್ ರಿಪೇರಿಯ ಅಮಜದನ ತಾಯಿಯವರು ಹೋದ ಸಲ ಒಡಪಿನಲ್ಲಿ ಎಲ್ಲರನ್ನೂ ಸೋಲಿಸಿದ್ದಾರೆ. ಅವರ ಗಂಡ ಅಂದಿನಿಂದ ತನ್ನ ಹೆಸರು ಕೇಳಿದರೆ ಕೆಂಪಾಗುತ್ತಾರೆ.

ಮೂರನೆಯದು ಸ್ನೇಹಸಮ್ಮೇಳನ, ಅಂದರೆ ನಮ್ಮ ಗ್ಯಾದರಿಂಗ್. ಇದನ್ನು ಹೇಳುವ ಮೊದಲು ಹೋದ ಜನವರಿಯ ಗ್ಯಾದರಿಂಗಿನ ಕಥೆ ಹೇಳದೆ ಉಪಾಯವಿಲ್ಲ. ಬಾಯಿಯವರು ಗಡಿಯಾರ ನೋಡುತ್ತಿದ್ದಾರೆ. ನಾನು ಆ ಕಡೆ ನೋಡುವುದಿಲ್ಲ.

ಆ ಸಲ ಬೀರು ಮತ್ತು ಭಾಗವ್ವನ ಮಗಳು ಸಮೀಕ್ಷಾ ಲೇಜಿಮ್ ತಂಡದ ಮುಂದಾಳು. ಕೈಯಲ್ಲಿ ಝಣಗುಡುವ ಆ ಲೇಜಿಮ್ ಎಷ್ಟು ಭಾರವೋ ಹುಡುಗಿ ಅಷ್ಟೇ ಭಾರ. ಆದರೆ ಹೆಜ್ಜೆ ಹಾಕಿದಳೆಂದರೆ ಹಿಂದಿನವರೆಲ್ಲ ಒಂದೇ ದಾರದಲ್ಲಿ ಪೋಣಿಸಿದಂತೆ. ತಾಯಿ-ತಂದೆ ದೂರದಲ್ಲಿ, ಕಬ್ಬು ಕಡಿಯುವ ಫಡದಲ್ಲಿ. ಅವರಿಗೆ ಮಗಳನ್ನು ತೋರಿಸಬೇಕೆಂದು ಅಮಜದ ತನ್ನ ಫೋನನ್ನು ಬಿದಿರಿನ ಕೋಲಿಗೆ ಕಟ್ಟಿ ವಿಡಿಯೊ ಕಾಲ್ ಹಚ್ಚಿದ. ಆ ಕಡೆ ಇಡೀ ಟೋಳಿ ಕಬ್ಬು ಕಡಿಯುವ ಕೊಯ್ತಾಗಳನ್ನು ಕೆಳಗಿಟ್ಟು, ಒಂದು ಫೋನಿನ ಸುತ್ತ ಸೇರಿತು.

ಈ ಕಡೆ ನಾವು ಸತ್ಕಾರ ಶುರು ಮಾಡಿದೆವು.

ಸತ್ಕಾರದಲ್ಲಿ ನಮ್ಮನ್ನು ಮೀರಿಸುವವರು ಯಾರಿದ್ದಾರೆ? ಪಕ್ಕದ ತಿಕೋಂಡಿಯವರೇ? ಸೋನ್ಯಾಳದವರೇ? ಬರಲಿ ನೋಡೋಣ! ಅಂದು ಅತಿಥಿಗಳಿಗೆ ಶಾಲು, ತೆಂಗಿನಕಾಯಿ, ತಲೆಗೆ ಫೇಟಾ. ಅತಿಥಿಗಳಿಗೆ ಸತ್ಕಾರ ಮಾಡಿದವರಿಗೆ ಅತಿಥಿಗಳಿಂದ ಸತ್ಕಾರ. ಶಾಲು ಕಡಿಮೆ ಬಿದ್ದಾಗ ಒಬ್ಬರ ಹೆಗಲಿನಿಂದ ಇಳಿದ ಶಾಲು ಪರದೆಯ ಹಿಂದೆ ಸುತ್ತು ಹೊಡೆದು ಇನ್ನೊಬ್ಬರ ಹೆಗಲೇರಿತು. ತೆಂಗಿನಕಾಯಿ ತಂದುಕೊಟ್ಟವನಿಗೂ ಅವನೇ ತಂದ ತೆಂಗಿನಕಾಯಿಯಿಂದ ಸತ್ಕಾರವಾಯಿತು. ನಮ್ಮ ಇಂದಿನ ಅಧ್ಯಕ್ಷರು, ನಗುತ್ತಿದ್ದಾರೆ, ಅಂದರೆ ಕ್ಷಮಿಸಿದ್ದಾರೆ, ತಮ್ಮ ಫೇಟಾದ ತುರಾಯಿ ಪಕ್ಕದವರದಕ್ಕಿಂತ ಗಿಡ್ಡ ಎಂದು ಬಿಚ್ಚಿಸಿ ಮತ್ತೊಮ್ಮೆ ಕಟ್ಟಿಸಿಕೊಂಡರು. ಒಬ್ಬೊಬ್ಬರ ಹೆಸರನ್ನೂ ವಿಶೇಷಣಗಳ ಸಮೇತ ಕೂಗಿದ ನಿರೂಪಕರು ಯಾರೆಂದು ದಯವಿಟ್ಟು ಕೇಳಬೇಡಿ. ಗಂಟಲು ಮಾತ್ರ ಬಹಳ ಚೆನ್ನಾಗಿತ್ತು.

ಅಮಜದ ಕೆಳಗಿನಿಂದ, "ಕಾಕಾ, ಚಾರ್ಜ್ ಇಳಿಯಾಕ ಹತ್ತೇತಿ, ಲಗೂನ ಮುಗಸ್ರಿ" ಎಂದು ಸನ್ನೆ ಮಾಡುತ್ತಿದ್ದ. ನಿರೂಪಕರು ಅದನ್ನು ಮೆಚ್ಚುಗೆ ಎಂದು ತಿಳಿದರು. ಕೊನೆಗೆ ಲೇಜಿಮ್ ತಂಡ ಒಳಗೆ ಬಂತು. ಸಮೀಕ್ಷಾ ಮೊದಲ ಹೆಜ್ಜೆ ಇಟ್ಟಳು. ಫೋನು ಕಣ್ಣು ಮುಚ್ಚಿತು.

ಬೇಸಿಗೆಯಲ್ಲಿ ಭಾಗವ್ವ ಜೋಳ ಬೀಸಿಸಲು ಗಿರಣಿಗೆ ಬಂದಳು. "ಗ್ಯಾದರಿಂಗ್ ನೋಡಿದ್ಯೇನ್ ತಂಗಿ?" ಎಂದು ಕೇಳಿದೆ. "ನೋಡಿದೆರಿ ಅಣ್ಣಾರ. ಭಾಳ ಚಲೋ ಆತು. ಎಷ್ಟ ಮಂದಿಗಿ ಕಾಯಿ ಕೊಟ್ರಿ! ನನ್ನ ಮಗಳ ಕುಣದದ್ದೊಂದ ಕಾಣಲಿಲ್ಲ" ಎಂದಳು. ಅದರಲ್ಲಿ ಕುಹಕವಿರಲಿಲ್ಲ. ಕುಹಕವಿದ್ದಿದ್ದರೆ ನಾನು ಉತ್ತರ ಕೊಡುತ್ತಿದ್ದೆ. ನಾನು ಗಿರಣಿ ಚಾಲೂ ಮಾಡಿದೆ.

ಇದರಲ್ಲಿ ಅಷ್ಟು ದೊಡ್ಡದೇನಿದೆ ಎಂದು ನೀವು ಕೇಳಬಹುದು. ನಾನೂ ಇದೇ ಶಾಲೆಯ ನಾಲ್ಕನೇ ಇಯತ್ತೆಯಲ್ಲಿ ನಾಟಕ ಮಾಡಿದ್ದೇನೆ. ರಾಜನ ಪಾತ್ರ ಎಂದು ಊಹಿಸುತ್ತೀರಿ, ದ್ವಾರಪಾಲಕನದು. ಆಗ ನನ್ನ ಅವ್ವನೂ ಕಬ್ಬಿಗೆ ಹೋಗಿದ್ದಳು. ನನಗೆ ಅದರ ಬಗ್ಗೆ ಆಗಲೂ ಏನೂ ಅನಿಸಿರಲಿಲ್ಲ, ಈಗಲೂ ಅನಿಸುವುದಿಲ್ಲ. ಯುಗಾದಿಯ ಹೊತ್ತಿಗೆ ಅವ್ವ ಬಂದಳು. ಹಸಿರು ಇಳಕಲ್ ಸೀರೆ, ಸೆರಗಿನ ತುದಿ ಕಬ್ಬಿನ ಗರಿಗೆ ಸಿಕ್ಕು ಹರಿದಿತ್ತು, ಗಂಟು ಇನ್ನೂ ತಲೆಯ ಮೇಲೇ ಇತ್ತು. "ಏನ್ ಪಾತ್ರ ಮಾಡಿದ್ಯೋ, ಮಾಡಿ ತೋರಸ" ಎಂದಳು. ನಾನು ಬೇವಿನ ಕೆಳಗೆ, ಟವೆಲು ಸುತ್ತಿಕೊಂಡು, ಬಡಿಗೆ ಹಿಡಿದು ನಿಂತೆ. ಕುರಿಮರಿಯೊಂದು ಬಂದು ಬಡಿಗೆಗೆ ತಲೆ ತಿಕ್ಕಿತು. ಅರ್ಧ ಮಾತು ಹೇಳಿದೆ, ಉಳಿದರ್ಧ ಮರೆತೇಹೋಗಿತ್ತು. "ಮುಂದ?" ಎಂದಳು. ಮುಂದೆ ದ್ವಾರಪಾಲಕನೇ ರಾಜನಾದ ಎಂದು ಬಾಯಿಗೆ ಬಂದದ್ದು ಹೇಳಿದೆ. "ಚಲೋ ಆತು ಬಿಡು. ಇಲ್ಲಂದ್ರ ಇನ್ನೂ ಬಾಗಲ್ದಾಗ ನಿಂತಿರ್ತಿದ್ದಿ" ಎಂದಳು. ಇಷ್ಟು ಬಿಟ್ಟರೆ ನನಗೆ ಏನೇನೂ ನೆನಪಿಲ್ಲ. ಸಣ್ಣ ವಿಷಯ. ಯಾಕೆ ಹೇಳಿದೆನೋ ಗೊತ್ತಿಲ್ಲ.

ನೀರು... ಆಯಿತು, ಬೇಡ.

ವಿಷಯಕ್ಕೆ ಬರುತ್ತೇನೆ. ಈ ವರ್ಷ ಗ್ಯಾದರಿಂಗ್ ಜನವರಿಯಲ್ಲಿ ಇಲ್ಲ. ದಸರೆಯ ನಂತರದ ಮೊದಲ ರವಿವಾರ, ಮುಂಜಾನೆ. ಅದಕ್ಕಿಂತ ಮೊದಲು ಮಾಡೋಣವೆಂದರೆ ಮಕ್ಕಳ ಪರೀಕ್ಷೆ ಎಂದು ಬಾಯಿಯವರು ಹೇಳಿದರು. ಪರೀಕ್ಷೆಯ ಮುಂದೆ ನನ್ನ ಗಂಟಲೂ ನಡೆಯುವುದಿಲ್ಲ. ಮತ್ತೊಂದು ಬದಲಾವಣೆ: ಮೊದಲು ಮಕ್ಕಳು, ಆಮೇಲೆ ಸತ್ಕಾರ. ಬಾಳಾಸಾಹೇಬರು ಇದಕ್ಕೆ ಒಪ್ಪಿ ಸಹಿ ಮಾಡಿದ್ದಾರೆ. ತುರಾಯಿಯ ಉದ್ದದ ಬಗ್ಗೆ ಮಾತ್ರ ಮಾತುಕತೆ ನಡೆದಿದೆ.

ಉಳಿದದ್ದು ಒಂದೇ ತೊಡಕು. ಬನ್ನಿ ಮುಡಿದ ಎರಡನೆಯ ದಿನ ಲಾರಿ ಹೊರಡುತ್ತದೆ. ಲಾರಿ ಹೊರಟರೆ ನಮ್ಮ ರವಿವಾರಕ್ಕೆ ಅರ್ಥವಿಲ್ಲ. ಲಾರಿ ಯಾವತ್ತು ಹೊರಡಬೇಕೆಂದು ಹೇಳುವವರು ಟೋಳಿಯನ್ನು ಕರೆದೊಯ್ಯುವ ಮುಕಾದಮರಾದ ಅಪ್ಪಾಸಾಬಣ್ಣ. ನಾನು ಅವರ ಮನೆಗೆ ಹೋಗಿ ಕೈ ಮುಗಿದೆ. "ರವಿವಾರತನಾ ತಡೀರಿ" ಎಂದೆ. "ಲಾರಿ ನಂದಲ್ಲಪಾ, ಕಾರ್ಖಾನಿದು" ಎಂದರು. "ಮಕ್ಕಳ ಗ್ಯಾದರಿಂಗ್ ಐತ್ರಿ" ಎಂದೆ. "ಕಬ್ಬಿಗಿ ಗ್ಯಾದರಿಂಗ್ ಗೊತ್ತಿಲ್ಲ ಮುರಗೆಪ್ಪಾ" ಎಂದರು. ಚಹಾ ಕುಡಿದು ಬಂದೆ.

ಅಪ್ಪಾಸಾಬಣ್ಣ ಇಲ್ಲೇ ಇದ್ದಾರೆ. ಅಣ್ಣಾರೇ, ನೀವು ಬಾಗಿಲ ಕಡೆ ನೋಡುತ್ತಿದ್ದೀರಿ. ಬಾಗಿಲಲ್ಲಿ ನಮ್ಮ ಮನೆಯವರು ನಿಂತಿದ್ದಾರೆ. ನನಗೇ ಆಕೆಯನ್ನು ದಾಟಿ ಹೋಗಲು ಆಗಿಲ್ಲ, ನೀವು ಪ್ರಯತ್ನಿಸಬೇಡಿ. ಕುಂದರ್ರಿ.

ನಿಮ್ಮ ಬಗ್ಗೆ ಒಂದು ಸಂಗತಿ ಮೊನ್ನೆ ಭಾಗವ್ವನಿಂದ ತಿಳಿಯಿತು. ನೀವು ಹೇಳಿರಲಿಲ್ಲ. ಆ ದಿನ ಫಡದಲ್ಲಿ ಕೆಳಗೆ ರೇಂಜ್ ಇರಲಿಲ್ಲವಂತೆ. ನೀವು ಟ್ರಾಲಿಯ ಮೇಲೆ ಹತ್ತಿ, ಎಲ್ಲರಿಗೂ ಕಾಣಲೆಂದು ಫೋನನ್ನು ಎತ್ತಿ ಹಿಡಿದಿರಂತೆ. ನಮ್ಮ ಸತ್ಕಾರ ಮುಗಿಯುವವರೆಗೂ! ಬೀರು, "ಕೈ ನೋಯ್ತಾವ್ರಿ, ಇಲ್ಲಿ ತರ್ರಿ ನಾ ಹಿಡೀತೀನಿ" ಎಂದರೆ, "ಬ್ಯಾಡ, ಅಳ್ಳಾಡ್ತೈತಿ. ಇನ್ನೇನ ಹುಡುಗೂರ ಬರ್ತಾವ" ಎಂದಿರಂತೆ. ಫೋನು ಕಪ್ಪಾದ ಮೇಲೂ ನೀವು ಕೈ ಇಳಿಸಲಿಲ್ಲವಂತೆ. "ತಡೀರಿ, ಹಚ್ಚತಾರ, ಮತ್ತ ಹಚ್ಚತಾರ" ಎನ್ನುತ್ತ ನಿಂತಿದ್ದಿರಂತೆ. ನಾವು ಹಚ್ಚಲಿಲ್ಲ. ನಮಗೆ ಗೊತ್ತೇ ಇರಲಿಲ್ಲ.

ಕಬ್ಬಿಗೆ ಗ್ಯಾದರಿಂಗ್ ಗೊತ್ತಿಲ್ಲದಿರಬಹುದು, ಅಣ್ಣಾರೇ. ನಿಮಗೆ ಗೊತ್ತಿದೆ. ಅಂದು ಅಷ್ಟು ಹೊತ್ತು ಎತ್ತಿ ಹಿಡಿದ ಕೈಯನ್ನು ಇಂದು ಒಂದು ಗಳಿಗೆ ಎತ್ತಿರಿ. ಲಾರಿಗೆ ಬರಬೇಡ ಎನ್ನುವುದಿಲ್ಲ. ರವಿವಾರ ಮುಂಜಾನೆ ಶಾಲೆಯ ಮುಂದೆಯೇ ಬಂದು ನಿಲ್ಲಲಿ, ಗಂಟು-ಮೂಟೆ ಏರಿಸಿಯೇ ಇರಲಿ. ಡ್ರೈವರನೂ ಒಳಗೆ ಬಂದು ನೋಡಲಿ. ಮಧ್ಯಾಹ್ನ ಊಟ ಮಾಡಿಸಿ ನಾವೇ ಹತ್ತಿಸುತ್ತೇವೆ. ಕಾರ್ಖಾನೆಗೆ ಫೋನು ಮಾಡಿ ಹೇಳಬೇಕೆಂದರೆ ನನ್ನ ಗಂಟಲು ನಿಮ್ಮ ಸೇವೆಗೆ.

ಎತ್ತಿದರು! ಸಭಿಕರೇ, ಎತ್ತಿದರು! ಇಳಿಸಬ್ಯಾಡ್ರಿ ಅಣ್ಣಾರ, ಅಮಜದ ಫೋಟೊ ತೆಗೆಯಲಿ. ನಾಳೆ ಬೆನ್ನು ತುರಿಸುತ್ತಿತ್ತು ಎಂದೀರಿ.

ಚಪ್ಪಾಳೆ ಸಾಕು. ಭಾಗವ್ವ ತಂಗೀ, ನೀನು ಯಾಕೆ ಸೆರಗು ಬಾಯಿಗೆ ಹಿಡಿದುಕೊಂಡಿದ್ದೀ? ಒಂದು ಮಾತು ಕೇಳು. ನಾಳೆಯಿಂದ ತಾಲೀಮು ಶುರು. ಮಗಳು ಮನೆಗೆ ಬಂದಾಗ ಅಂಗಳದಲ್ಲಿ ಮಾಡಿ ತೋರಿಸು ಎಂದು ಕೇಳಬೇಡ. ಎಷ್ಟು ಆಸೆಯಾದರೂ ಕೇಳಬೇಡ. ರವಿವಾರ ಮುಂದಿನ ಸಾಲಿನಲ್ಲಿ, ಊರಿನ ನಡುವೆ ಕೂತು ನೋಡು. ಅವಳು ನಡುವೆ ಹೆಜ್ಜೆ ತಪ್ಪಿದರೂ ನೋಡು. ಅವಳು ಕಣ್ಣೆತ್ತಿದಾಗ ನೀನು ಅಲ್ಲಿರಬೇಕು, ಅಷ್ಟೆ.

ಇಷ್ಟು ಹೊತ್ತು ನನ್ನನ್ನು ಸಹಿಸಿದ ಅಧ್ಯಕ್ಷರಿಗೆ, ಗಡಿಯಾರವನ್ನು ಈಗ ಸೆರಗಿನಲ್ಲಿ ಮುಚ್ಚಿಟ್ಟಿರುವ ಬಾಯಿಯವರಿಗೆ, ಕೈ ಎತ್ತಿದ ಅಪ್ಪಾಸಾಬಣ್ಣನವರಿಗೆ, ಬಾಗಿಲು ಕಾಯ್ದವರಿಗೆ, ಮತ್ತು ತಮ್ಮ ಊರಿನ ಮಕ್ಕಳಿಗಾಗಿ ಹಬ್ಬದ ಪಂಚಾಂಗವನ್ನೇ ತಿರುವಿ ಹಾಕಲು ಒಪ್ಪಿದ ನಿಮಗೆಲ್ಲರಿಗೂ ನನ್ನ ಕೃತಜ್ಞತೆಗಳು. ಚಹಾ ಬಂದಿದೆ. ನಮಸ್ಕಾರ.