ಒತ್ತಾಯದ ಹೋಳಿಗೆ

ಬಸವನ ಬಾಗೇವಾಡಿಯ ದವಾಖಾನೆಯಲ್ಲಿ ಪಾಳಿಗೆ ಕಾಯುತ್ತಿದ್ದ ಅಬಿದಾಳ ಪಕ್ಕ ಅಣ್ಣ ತಂಗಿ ಕೂತಿದ್ದರು. ಅಣ್ಣನ ತಲೆಗೆ ಪಟ್ಟಿ. ತಂಗಿಯ ಗಂಡನಿಗೆ ಒಳಗೆ ಸಲಾಯಿನ್ ಹಚ್ಚಿದ್ದರು.

“ಒಡಹುಟ್ಟಿದವನ ತಲಿ ಒಡದಿ ಅಲ್ಲ ಶಂಕ್ರೆವ್ವ.”

“ಇವರಿಗೆ ಸಕ್ರಿ ಬ್ಯಾನಿ ಐತಿ, ರೊಟ್ಟಿ ಪಲ್ಯ ಸಾಕಂತ ಕೈ ಮುಗದ್ನಿ. ನೀ ಇವರ ಕೈ ಹಿಡಕೊಂಡು ಬಾಯಾಗ ಹೋಳಗಿ ತುರುಕಿದಿ.”

“ಮನಿ ಅಳಿಯಗ ಒತ್ತಾಯ ಮಾಡ್ಲಿಲ್ಲಂದ್ರ ಮಂದಿ ಏನಂತಾರ?”

“ಹ್ವಾದ ವರ್ಷ ಇವರ ಕಾಲಬೆರಳ ಕತ್ತರಿಸಿದಾಗ ಆ ಮಂದಿ ಬಂದಿದ್ರೇನ?”

ಅಣ್ಣ ಪಟ್ಟಿ ಮುಟ್ಟಿ ನೋಡಿಕೊಂಡ. “ಡಾಕ್ಟರಗ ಬಾಗಲಾ ಬಡದೈತಿ ಅಂತ ಹೇಳೇನಿ.”

“ಖರೇನ ಹೇಳು. ಇನ್ನೊಮ್ಮಿ ತುರುಕಿದಿ ಅಂದ್ರ ಕೈ ಮುರೀತೇನಿ, ಅದನ್ನೂ ಹೇಳು.”

ನರ್ಸ್ ಕರೆದಳು. ಶಂಕ್ರೆವ್ವ ಎದ್ದಾಗ, ಸೆರಗಿನಡಿ ಅವಳು ಇನ್ನೂ ಬಿಗಿಹಿಡಿದಿದ್ದ ಲಟ್ಟಣಿಗೆ ಅಬಿದಾಳಿಗೆ ಕಂಡಿತು. ಅಣ್ಣ ತುಸು ದೂರ ಬಿಟ್ಟೇ ಹಿಂದೆ ನಡೆದ.