ಹದಿನೇಳನೆಯ ಮೆಟ್ಟಿಲು

ಎಡಿನ್‌ಬರೋದ ವಿಶ್ವವಿದ್ಯಾಲಯದ ಗಣಕ ವಿಭಾಗದಲ್ಲಿ ನೆಲ ಒರೆಸುತ್ತಿದ್ದ ಎಫಿ ಅಜ್ಜಿ ಬಸ್ಸಿಗೆ ಕಾಯುತ್ತಿದ್ದಳು. ಪಕ್ಕದಲ್ಲಿ ಅಲ್ಲಿನ ಸಂಶೋಧಕರೇ ಇಬ್ಬರು, ಐಲ್ಸಾ ಮತ್ತು ಗ್ರೆಗರ್. ದಿನಾ ನಗುತ್ತ ಬರುವವರು, ಇವತ್ತು ನಗುತ್ತಿರಲಿಲ್ಲ.

"ಗಣಿತದ ಸಾಧನೆ ತಪಾಸಣೆ ಮಾಡೋ ನಮ್ಮ ಪ್ರೋಗ್ರಾಮಿನಲ್ಲಿ, ನಿಯಮ ತಪ್ಪಿಸಿ ನುಸುಳೋಕೆ ಆ ಹಿಂಬಾಗಿಲು ಇಟ್ಟಿದ್ದು ನೀನೇನೋ?" ಐಲ್ಸಾ ಕೇಳಿದಳು.

"ಪರೀಕ್ಷೆ ಮಾಡೋಕೆ ಇಟ್ಟಿದ್ದೆ ಕಣೇ. ತೆಗೆಯೋದು ಮರೆತೆ."

"ಭಾಷೆ ಬಗ್ಗೆ ಮಾತಾಡೋ ಗಣಕದ ಭಾಷೆ ಅಂತ ಅದನ್ನ ಕಟ್ಟಿದ್ದು ಯಾಕಪ್ಪಾ? ನಿಯಮ ಹಿಡಿದು ಸಾಧಿಸದೆ ಯಾರೂ 'ಸಿದ್ಧವಾಯ್ತು' ಅಂತ ಮುದ್ರೆ ಒತ್ತೋಕಾಗಬಾರದು ಅಂತ ತಾನೆ?"

"ಹೌದು. ಬೇರೆ ಯಾವ ಭಾಷೆಗೂ ಆ ತಾಕತ್ತಿಲ್ಲ."

"ನನ್ನ ಸಾಧನೇಲಿ ಹದಿನೇಳನೇ ಮೆಟ್ಟಿಲು ಆ ಬಾಗಿಲಿಂದ ಬಂದಿದೆ. ಅದೂ ಮರೆವೇನಾ?"

ಗ್ರೆಗರ್ ಕೊರಳುಪಟ್ಟಿ ಎಳೆದುಕೊಂಡ. "ನೀನು ತಿಂಗಳುಗಟ್ಟಲೆ ಅಲ್ಲೇ ಸಿಕ್ಕಿಕೊಂಡು ಅಳ್ತಿದ್ದೆ. ಪಾಪ ಅನ್ನಿಸ್ತು."

"ಯಂತ್ರ ಒಪ್ಪಿತು ಅಂತ ಬಿಸ್ಕತ್ತು ಹಂಚಿದೆಯಲ್ಲೋ! ನಾನೂ ತಿಂದೆ."

"ಆ ಮೆಟ್ಟಿಲು ಸರಿಯೇ ಇರಬಹುದು, ಐಲ್ಸಾ."

"ಇರಬಹುದು. ಆದ್ರೆ ಹಾಗಂದಿದ್ದು ಯಂತ್ರ ಅಲ್ಲ, ನೀನು. ಮೂರು ವರ್ಷದ ಕೆಲಸ ಹೊತ್ತು ನಾಳೆ ಪರೀಕ್ಷಕರ ಮುಂದೆ ನಿಲ್ಲೋಳು ನಾನು. ಇದನ್ನ ಮುಚ್ಚಿಡಲ್ಲ. 'ಬಾಗಿಲು ಇಟ್ಟಿದ್ದು ನಾನು' ಅಂತ ನೀನೂ ಬಂದು ಹೇಳ್ತೀಯಾ?"

ಬಸ್ಸು ಬಂತು. ಐಲ್ಸಾ ಹತ್ತಿ, ಮೆಟ್ಟಿಲ ಮೇಲೆ ನಿಂತು ತಿರುಗಿ ನೋಡಿದಳು. ಎಫಿಯೂ ಹತ್ತಿದಳು.

"ಬರ್ತೀಯಾ, ಗ್ರೆಗರ್?"

"ನಾನು... ಮುಂದಿನ ಬಸ್ಸಿಗೆ ಬರ್ತೀನಿ."

ಅವನ ಬೀದಿಗೆ ಹೋಗುವುದರಲ್ಲಿ ಅದೇ ಅವತ್ತಿನ ಕೊನೆಯ ಬಸ್ಸೆಂದು ಎಫಿಗೆ ಗೊತ್ತಿತ್ತು. ಐಲ್ಸಾಗೂ ಗೊತ್ತಿತ್ತು.