ಬಚ್ಚಲ ಬಾಗಿಲು

"ಹಲೋ... ಹಲೋ, ಯಾರು ಮಾತಾಡ್ತಿರೋದು? ಪುರಸಭೆ ಆಫೀಸಾ?"

…

ವಿಜಯಮ್ಮ ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಹಿಟ್ಟಿನ ಮಿಲ್ಲಿನ ಸ್ವಿಚ್ಚು ಆರಿಸಿದಳು. ಬೆಲ್ಟು ಎರಡು ಸುತ್ತು ಸುಮ್ಮನೆ ತಿರುಗಿ ನಿಂತಿತು. ಆಫೀಸು ಹತ್ತಕ್ಕೆ ತೆರೆಯುತ್ತದೆಂದು ಹತ್ತೂ ಐದರಿಂದ ಫೋನ್ ಮಾಡುತ್ತಲೇ ಇದ್ದಳು. ಹತ್ತೂ ನಲವತ್ತಕ್ಕೆ ಯಾರೋ ಎತ್ತಿದ್ದರು. ಅವಳ ರೆಪ್ಪೆಯ ಮೇಲೂ ರಾಗಿಹಿಟ್ಟು ಕೂತಿತ್ತು.

"ಶಾಂತರಾಜು ಅವರಾ? ದೂರು ತಗೊಳ್ಳೋರೇ ಅಲ್ವಾ? ಸದ್ಯ. ಈ ವಾರಕ್ಕೆ ನೀವು ನಾಲ್ಕನೆಯೋರು ಸಾ. ಇನ್ನೊಬ್ರಿಗೆ ಕೊಡ್ತೀನಿ ಇರಿ ಅಂತ ಮಾತ್ರ ಅನ್ಬೇಡಿ..."

…

"ನಾನು ವಿಜಯಮ್ಮ ಅಂತ. ಕಾಯಿ ಮಾರ್ಕೆಟ್ಟಿನ ಹಿಂದ್ಗಡೆ ಬೀದಿ, ಹಿಟ್ಟಿನ ಮಿಲ್ಲು ಇದೆಯಲ್ಲ, ಆ ಮಿಲ್ಲಿನೋಳು. ನಮ್ಮ ಬಾಗಿಲ ಮುಂದೆ ಚರಂಡಿ ಚಪ್ಪಡಿ ಒಡ್ದೋಗಿ ಇವತ್ತಿಗೆ ಹದಿನೇಳು ದಿನ ಸಾ."

…

"ದೂರಿನ ನಂಬರ್ರಾ? ಇದೆ, ಇರಿ."

ಮಿಲ್ಲಿನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿಟ್ಟಿದ್ದಳು. ಮೊದಲನೆಯದು ಅರ್ಧ ಅಳಿಸಿತ್ತು. ಊದಿ, ಕಣ್ಣು ಕಿರಿದು ಮಾಡಿ ಓದಿದಳು.

"ಕೊನೇದು ನಾಕಂಕಿ ಸಾಕಾ? ಸೊನ್ನೆ, ನಾಕು, ಒಂದು, ಏಳು. ಅದಾದ್ಮೇಲೆ ಇನ್ನೊಂದು ಕೊಟ್ಟಿದ್ದೆ. ಸೊನ್ನೆ, ನಾಕು, ಆರು, ಎರಡು."

…

"ಹಾಂ? ಎರಡೂ ಮುಗ್ದೈತಾ? ಏನು ಮುಗೀತು ಸಾ? 'ನಿಮ್ಮ ದೂರನ್ನು ಪರಿಹರಿಸಲಾಗಿದೆ' ಅಂತ ನನಗೂ ಮೆಸೇಜ್ ಬಂತು, ಅದಕ್ಕೇ ಅಲ್ವಾ ಫೋನ್ ಮಾಡ್ತಿರೋದು? ಪರಿಹಾರ ಆಗಿದ್ರೆ ನಿಮಗ್ಯಾಕೆ ಮಾಡ್ತಿದ್ದೆ, ನಿಮ್ಮ ಯೋಗಕ್ಷೇಮ ಕೇಳಾಕಾ?"

…

"ಫೋಟೋ ಇದೆಯಾ? ನಿಮ್ಮ ಕಂಪ್ಯೂಟ್ರಲ್ಲೇ ಕಾಣ್ತಿದೆಯಾ? ಒಳ್ಳೇದಾಯ್ತು. ಸರಿಯಾಗಿ ನೋಡಿ ಸಾ. ಏನು ಕಾಣ್ತದೆ, ನೀವೇ ಹೇಳಿ."

…

"ಮರದ ಹಲಗೆ ಅಲ್ಲ ಅದು. ಅಲ್ಲ ಸಾ, ಹಲಗೆ ಅಲ್ಲ. ಎಡಗಡೆ ಮೂಲೇಲಿ ಒಂದು ಚಿಟ್ಟೆ ಸ್ಟಿಕ್ಕರ್ ಕಾಣ್ತದಾ? ಮೇಲ್ಗಡೆ ಬಟ್ಟೆ ನೇತಾಕೋ ಮೊಳೆ? ಕಾಣ್ತಲ್ಲ? ಅದು ನಮ್ಮನೆ ಬಚ್ಚಲ ಬಾಗಿಲು."

…

ವಿಜಯಮ್ಮ ಮಿಲ್ಲಿನ ಬಾಗಿಲಿನಿಂದ ಬೀದಿಯ ಕಡೆ ನೋಡಿದಳು.

ಹದಿನೇಳು ದಿನದ ಹಿಂದೆ, ಮಾರ್ಕೆಟ್ಟಿಗೆ ಬಂದ ತೆಂಗಿನಕಾಯಿ ಲಾರಿಯೊಂದು ದಾರಿ ತಪ್ಪಿ ಈ ಬೀದಿಗೆ ನುಗ್ಗಿತ್ತು. ಹಿಂದಕ್ಕೆ ತೆಗೆಯುವಾಗ ಮೊದಲು ಮೂಲೆಯಲ್ಲಿದ್ದ ಪುರಸಭೆಯ ಬೋರ್ಡನ್ನು ಕೆಡವಿತು, ಆಮೇಲೆ ಚಪ್ಪಡಿಯ ಮೇಲೆ ಗಾಲಿ ಹತ್ತಿಸಿತು. ಡ್ರೈವರ್ರು ಕಿಟಕಿಯಿಂದ ಕತ್ತು ಹಾಕಿ ನೋಡಿ, ತನಗೂ ಅದಕ್ಕೂ ಸಂಬಂಧವಿಲ್ಲವೆಂಬಂತೆ ಹೈವೇ ಸೇರಿಕೊಂಡ. ಅದೇ ಸಂಜೆ ಮಲ್ಲಿಗಮ್ಮ ತಲೆಯ ಮೇಲೆ ರಾಗಿ ಡಬ್ಬ ಹೊತ್ತು ಮಿಲ್ಲಿಗೆ ಬಂದಳು. ತಲೆಯ ಮೇಲೆ ಡಬ್ಬ ಇರುವವರಿಗೆ ಕಾಲ ಬುಡ ಕಾಣುವುದಿಲ್ಲ. ಸೊಂಟದವರೆಗೆ ಇಳಿದುಹೋದಳು. ಹತ್ತು ಸೇರು ರಾಗಿ ಚರಂಡಿ ಪಾಲಾಯಿತು. ಅವಳ ಕಾಲಿಗೆ ಹಾಕಿದ ಕಟ್ಟು ಇನ್ನೂ ಬಿಚ್ಚಿಲ್ಲ.

ಮಿಲ್ಲಿಗೆ ಬರುವವರೆಲ್ಲ ತಲೆಯ ಮೇಲೆ ಹೊತ್ತೇ ಬರುವವರು. ಅಷ್ಟಗಲದ ಬಾಯಿ ಮುಚ್ಚುವಂಥದ್ದು ಮನೆಯಲ್ಲಿ ಬೇರೇನಿತ್ತು? ಕೀಲಿನಿಂದ ಎತ್ತಿದರೆ ಕೈಗೆ ಬರುವ ಹಳೆಯ ಕಾಲದ ಬಾಗಿಲು, ಮಾವನವರು ಹಲಸಿನ ಮರದಲ್ಲಿ ಮಾಡಿಸಿದ್ದು. ಗಂಡ ಕನಕರಾಜು ಒಂದು ಕಡೆ, ತಾನೊಂದು ಕಡೆ ಹಿಡಿದು ಅದನ್ನು ತಂದು ಮುಚ್ಚಿದ್ದಳು. ಒಂದೆರಡು ದಿನದ ಮಾತು ಎಂದುಕೊಂಡಿದ್ದಳು.

ಬಚ್ಚಲಿರುವುದು ಅಂಗಳದ ಮೂಲೆಯಲ್ಲಿ, ರಾಗಿ ತಂದವರು ಸರದಿ ಕಾಯುವ ಜಾಗಕ್ಕೆ ಎದುರಾಗಿ. ಈಗ ಅಲ್ಲಿ ಹಗ್ಗಕ್ಕೆ ಹಾಕಿದ ಒಂದು ಹಳೆಯ ಸೀರೆ. ಮಗಳು ಸ್ಮಿತಾ ಮೊದಲ ಪಿಯುಸಿ. ಮಿಲ್ಲು ತೆರೆಯುವ ಮೊದಲೇ ಸ್ನಾನ ಮುಗಿಸಬೇಕೆಂದು ನಾಲ್ಕೂವರೆಗೆ ಏಳುತ್ತಾಳೆ. ಮೊನ್ನೆ ಗಾಳಿಗೆ ಸೀರೆ ಹಾರಿಹೋಗಿ, ಒಳಗಿದ್ದ ಹುಡುಗಿ ಚೊಂಬನ್ನು ಗೋಡೆಗೆ ಎಸೆದು ಅತ್ತಿದ್ದಳು. ಅವತ್ತಿನಿಂದ ತಾಯಿಯ ಜೊತೆ ಮಾತಿಗೊಂದು ಮಾತು, ಅಷ್ಟೆ.

"ಹಾಂ, ಇದೀನಿ ಸಾ. ನಿಮ್ಮ ಅನಿಲ್‌ಕುಮಾರ್ ಅನ್ನೋರು ಬಂದಿದ್ರು. ಎರಡು ಸಲವೂ ಅವರೇ. ಬೈಕ್ ಇಳೀಲಿಲ್ಲ. ನಮ್ಮ ಬಾಗಿಲ ಮೇಲೆ ಒಂದು ಕಾಲು ಊರ್ಕೊಂಡು, ಎಲ್ಲಮ್ಮ ಗುಂಡಿ ಅಂದ್ರು. ನಿಮ್ಮ ಕಾಲ ಕೆಳಗೇ ಐತೆ ಸಾ ಅಂದೆ. ಸರಿ ಸರಿ ಅಂದ್ರು, ಫೋಟೋ ಹೊಡ್ಕೊಂಡ್ರು, ಹೋದ್ರು. ಸಾಯಂಕಾಲಕ್ಕೆ ಮೆಸೇಜು."

…

"ಗುಂಡಿ ಕಾಣಲ್ಲ ಅಂದ್ರೆ? ಕಾಣಬಾರ್ದು ಅಂತಲ್ಲ ಸಾ, ಬೀಳಬಾರ್ದು ಅಂತ ಮುಚ್ಚಿರೋದು!"

…

"ಹಾಂ... ಹಾಂ... ತಾತ್ಕಾಲಿಕ ವ್ಯವಸ್ಥೆ ಇದೆ. ಸರಿ. ಅದಕ್ಕೇ ತುರ್ತು ಅಲ್ಲ. ಹಾಂ. ಟೆಂಡರ್ ಆಗಿ, ಮೂರು ತಿಂಗಳು... ಮೂರು ತಿಂಗಳಾ? ಅಲ್ಲ ಸಾ, ಆ ತಾತ್ಕಾಲಿಕ ವ್ಯವಸ್ಥೆ ಯಾರು ಮಾಡಿದ್ದು? ಪುರಸಭೆಯೋರು ಮಾಡಿದ್ರಾ?"

ಸ್ಮಿತಾ ಪುಸ್ತಕ ಹಿಡಿದುಕೊಂಡು ಮಿಲ್ಲಿನ ಬಾಗಿಲಿಗೆ ಬಂದು ನಿಂತಳು. ಪರೀಕ್ಷೆಗೆ ಓದಲು ರಜೆ ಕೊಟ್ಟಿದ್ದರು. 'ಮೂರು ತಿಂಗಳು' ಎಂಬುದೊಂದು ಕಿವಿಗೆ ಬಿದ್ದಿತ್ತೆಂದು ಅವಳ ಮುಖವೇ ಹೇಳುತ್ತಿತ್ತು. ವಿಜಯಮ್ಮ ಆ ಮುಖಕ್ಕೆ ಬೆನ್ನು ಮಾಡಿದಳು.

"ನೋಡಿ ಸಾ, ಮನೇಲಿ ಬೆಳೆದ ಮಗಳವಳೆ. ಮೂರು ತಿಂಗಳು ಬಚ್ಚಲಿಗೆ ಬಾಗಿಲಿಲ್ದೆ ಇರಾಕಾಗ್ತದಾ? ನಿಮ್ಮನೇಲಾದ್ರೆ ಇರ್ತೀರಾ?"

…

"ಆಯ್ತು, ನಿಮ್ಮನೆ ಸುದ್ದಿ ಬೇಡ, ತಪ್ಪಾಯ್ತು. ಹಂಗಾದ್ರೆ ಒಂದು ಕೆಲಸ ಮಾಡ್ತೀನಿ. ನಮ್ಮ ಬಾಗಿಲು ನಾವು ಎತ್ಕೊಂಡು ಹೋಗ್ತೀವಿ. ಗುಂಡಿ ಬಾಯಿ ತೆರ್ಕೊಂಡಿರ್ಲಿ. ಆವಾಗ ಕಾಣ್ತದಲ್ಲ? ಆವಾಗ ತುರ್ತು ಆಗ್ತದಲ್ಲ?"

…

"ಏನಂದ್ರಿ? ಇನ್ನೊಂದ್ಸಲ ಹೇಳಿ."

…

"ಮುಚ್ಚಿದ್ದನ್ನ ತೆಗೆದು ಯಾರಾದ್ರೂ ಬಿದ್ರೆ... ತೆಗೆದೋರದ್ದೇ ಜವಾಬ್ದಾರಿನಾ? ನಂದಾ?"

…

"ಚೆನ್ನಾಗೈತೆ ಕಣಪ್ಪ! ಒಡೆದಿದ್ದು ಲಾರಿ, ಚರಂಡಿ ನಿಮ್ದು, ಬಿದ್ದೋರ ಕಾಲು ಮಾತ್ರ ವಿಜಯಮ್ಮಂದು! ಮುಚ್ಚಿದ್ರೆ ಗುಂಡಿ ಇಲ್ಲ ಅಂತೀರಿ, ತೆಗೆದ್ರೆ ನಾನೇ ತೋಡಿದೆ ಅಂತೀರಿ. ನಾನೇನು ಅದರ ಮೇಲೆ ಮಲೀಕಬೇಕಾ?"

…

"ಇಲ್ಲ ಸಾ, ಕೂಗಾಡ್ತಿಲ್ಲ. ಇಪ್ಪತ್ತು ವರ್ಷದಿಂದ ಮಿಲ್ಲಿನ ಸದ್ದಿನ ಮೇಲೆ ಮಾತಾಡ್ದೋಳು, ಮೆಲ್ಲಗೆ ಮಾತಾಡಾಕೆ ಬರಾಕಿಲ್ಲ."

ಮೂಟೆಯ ಮೇಲೆ ಕೂತಿದ್ದ ದೊಡ್ಡಬೀರಯ್ಯ ನಕ್ಕ. ದಂಡಿಗನಹಳ್ಳಿಯಿಂದ ರಾಗಿ ತಂದು, ಅರ್ಧ ಬೀಸಿದ ಮೇಲೆ ಮಿಲ್ಲು ನಿಂತಿದ್ದರಿಂದ ಕಾಯುತ್ತ ಕೂತಿದ್ದ ಮುದುಕ.

"ಅವ್ರು ಚಪ್ಪಡಿ ತರಾದ್ರೊಳ್ಗೆ ನನ್ ರಾಗಿ ಬೀಸ್ಕೊಟ್ಬುಡವ್ವ," ಎಂದ. "ಮೊಮ್ಮಗನ ಮದ್ವೆಗೆ ಬೇಕು."

"ಎಷ್ಟು ವರ್ಸ ನಿನ್ ಮೊಮ್ಮಗಂಗೆ?"

"ಈ ಯುಗಾದಿಗೆ ಮೂರು ತುಂಬ್ತದೆ."

ನಗು ಬರಲಿಲ್ಲ ವಿಜಯಮ್ಮನಿಗೆ. ಬೀದಿಗೆ ಇಳಿದು ಬಾಗಿಲ ಹತ್ತಿರ ನಿಂತಳು. ಹಲಗೆಯ ಮೇಲೆ ಊರಿನ ಚಪ್ಪಲಿಗಳ ಮಣ್ಣು ಮೆತ್ತಿತ್ತು. ಸ್ಮಿತಾ ಐದನೇ ಕ್ಲಾಸಿನಲ್ಲಿ ಅಂಟಿಸಿದ ಚಿಟ್ಟೆಯ ಒಂದು ರೆಕ್ಕೆ ಯಾವುದೋ ಬೈಕಿನ ಗಾಲಿಗೆ ಸಿಕ್ಕಿ ಕಿತ್ತುಹೋಗಿತ್ತು. ಕತ್ತೆತ್ತಿದಳು. ಮೂಲೆಯ ಕಾಂಪೌಂಡಿಗೆ ಒರಗಿಕೊಂಡು, ಲಾರಿ ಕೆಡವಿದ ದಿನದಿಂದ ಯಾರೂ ಮುಟ್ಟದ ಆ ಕಬ್ಬಿಣದ ಬೋರ್ಡು ಬಿಸಿಲು ಕಾಯಿಸುತ್ತಿತ್ತು. ಬಾಗಿಲಿಗಿಂತ ಒಂದು ಮೊಳ ಉದ್ದವೇ ಇತ್ತು.

"ಸಾ, ಒಂದೇ ನಿಮಿಷ. ಲೈನಲ್ಲೇ ಇರಿ, ಇಡಬೇಡಿ. ನಿಮ್ಮ ದಮ್ಮಯ್ಯ ಇಡಬೇಡಿ."

ಫೋನನ್ನು ರವಿಕೆಯೊಳಗೆ ಸಿಕ್ಕಿಸಿದಳು.

"ಲೇ ಸ್ಮಿತಾ, ಪುಸ್ತಕ ಮಡಗಿ ಬಾ ಇಲ್ಲಿ. ಬೀರಯ್ಯಣ್ಣ, ಏಳು, ಆ ಬೋರ್ಡಿಂದು ಆಕಡೆ ತುದಿ ಇಡ್ಕೊ. ನಿನ್ ಮೊಮ್ಮಗನ ಮದ್ವೆಗೆ ನಾನೇ ಬಂದು ಹಿಟ್ಟು ತೊಳಸ್ತೀನಿ."

ಮೂವರೂ ಸೇರಿ ಬೋರ್ಡನ್ನು ರಸ್ತೆಯ ಮೇಲೆ ಕರಕರ ಎಳೆದು ತಂದರು. ಈ ಕಡೆಯಿಂದ ಬಾಗಿಲನ್ನು ಜರುಗಿಸಿದಂತೆಲ್ಲ ಆ ಕಡೆಯಿಂದ ಬೋರ್ಡು ಜರುಗಿತು. ನಡುವೆ ಒಂದು ಗಳಿಗೆ ಗುಂಡಿಯ ಕಪ್ಪು ಬಾಯಿ ಕಂಡು, ವಾಸನೆ ಮೂಗಿಗೆ ಬಡಿದು, ಮುಚ್ಚಿಕೊಂಡಿತು. ಬಾಗಿಲು ಕೈಗೆ ಬಂದದ್ದೇ ಸ್ಮಿತಾ ಅದರ ಮಣ್ಣನ್ನು ತನ್ನ ಚೂಡಿದಾರದ ತೋಳಿನಿಂದಲೇ ಒರೆಸತೊಡಗಿದಳು.

"ಹಲೋ, ಇದೀರಾ ಸಾ? ಇದೀರಾ... ಏನಿಲ್ಲ, ಸದ್ದು ಅಷ್ಟೇ. ನಮ್ಮ ಬಾಗಿಲು ನಾವು ತಗೊಂಡ್ವಿ."

…

"ಯಾರೂ ಬೀಳಾಕಿಲ್ಲ. ತೆಗೆದೋರದ್ದೇ ಜವಾಬ್ದಾರಿ ಅಂದ್ರಲ್ಲ, ಅದಕ್ಕೇ ಮುಚ್ಚಿದ್ದೀನಿ. ನಿಮ್ಮ ಬೋರ್ಡ್ ಹಾಕಿ ಮುಚ್ಚಿದ್ದೀನಿ."

…

"ಬೋರ್ಡು ಸಾ, ಬೋರ್ಡು. 'ಸ್ವಚ್ಛ ಪಟ್ಟಣ ನಮ್ಮ ಹೆಮ್ಮೆ.' ಕೆಳಗೆ 'ಆದೇಶದ ಮೇರೆಗೆ, ಪುರಸಭೆ.' ಅದರ ಕೆಳಗಿನ ಸಾಲಲ್ಲಿ ಅಧ್ಯಕ್ಷರು, ಮೆಂಬರ್ರು ಅಂತ ಒಂದಿಷ್ಟು ಜನದ ಹೆಸರೂ ಐತೆ. ಓದ್ಲಾ?"

…

ಬೋರ್ಡು ಭಾರ ತಡೆಯುತ್ತದೋ ಇಲ್ಲವೋ ನೋಡಬೇಕಿತ್ತು. ವಿಜಯಮ್ಮ ಕಣ್ಣಲ್ಲೇ ಬೀರಯ್ಯನಿಗೆ ಅದರ ಮೇಲೆ ಹತ್ತು ಎಂದಳು. ಅವನು ಎರಡು ಹೆಜ್ಜೆ ಹಿಂದಕ್ಕೆ ಸರಿದ.

"ಅಕ್ಸರ ತುಳಿಯಾದಾ? ನನ್ ಕೈಲಾಗಾಕಿಲ್ಲ ಕಣವ್ವ."

ಅವನಿಗೆ ಅದರಲ್ಲಿ ಒಂದಕ್ಷರವೂ ಬಾರದು. ಎಳೆಯುವಾಗ ಕಾಲು ತಾಗಿದ್ದಕ್ಕೆ ಬಗ್ಗಿ ಬೋರ್ಡನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ. ಆಮೇಲೆ ಸುತ್ತು ಬಳಸಿ ಆ ಬದಿಗೆ ಹೋಗಿ, ಸ್ಮಿತಾ ಹಿಡಿದಿದ್ದ ಬಾಗಿಲಿನ ಇನ್ನೊಂದು ತುದಿ ಹಿಡಿದ. ಇಬ್ಬರೂ ಅಂಗಳಕ್ಕೆ ನಡೆದರು. ವಿಜಯಮ್ಮ ಬೋರ್ಡಿನ ಬರಹವಿಲ್ಲದ ಅಂಚಿನ ಮೇಲೆ ತಾನೇ ನಿಂತು ನೋಡಿದಳು. ಕಬ್ಬಿಣ ಒಂದಿಷ್ಟು ಬಾಗಿ ನಿಂತಿತು.

"ಕೇಸಾ? ನನ್ನ ಮೇಲಾ? ಸರ್ಕಾರಿ ಆಸ್ತಿ... ಹಾಂ. ಹದಿನೇಳು ದಿನ ಕಾಂಪೌಂಡಿಗೆ ಒರಗಿ ಬಿದ್ದಿತ್ತಲ್ಲ ಸಾ, ಆವಾಗ ಯಾರ ಆಸ್ತಿ? ಚರಂಡಿನೂ ಸರ್ಕಾರದ್ದೇ ಅಲ್ವಾ? ಅದನ್ನ ಒಡೆದೋನ ಮೇಲೆ ಹಾಕಿದ್ರಾ ಕೇಸು?"

…

"ತುಳೀತಿಲ್ಲ ಸಾ, ಯಾರೂ ತುಳೀತಿಲ್ಲ. ಇಲ್ಲೊಬ್ಬ ಹಿರೀಕ ಕಣ್ಣಿಗೊತ್ಕೊಂಡು ಬಳಸ್ಕೊಂಡು ಹೋದ. ನಮ್ಮ ಬಾಗಿಲಿಗೆ ಆ ಮರ್ವಾದೆ ಸಿಕ್ಕಿರ್ಲಿಲ್ಲ."

…

"ಮಗುಚಿ ಹಾಕಬೇಕಾ? ಹೆಸರಿರೋದು ಕೆಳಕ್ಕೆ ಮಾಡಿ? ಚರಂಡಿ ಕಡೆಗಾ ಸಾ? ಆ ಹೆಸರಿನೋರು ಒಪ್ತಾರಾ, ಕೇಳಿ ಹೇಳಿ."

…

ಆ ಕಡೆ ಫೋನಿನ ಬಾಯಿಗೆ ಕೈ ಅಡ್ಡ ಹಿಡಿದು ಯಾರೋ ಯಾರನ್ನೋ ಕೂಗಿದ ಸದ್ದು. ಕುರ್ಚಿ ಸರಿದ ಸದ್ದು. ವಿಜಯಮ್ಮ ಕಾದಳು. ಅಂಗಳದಲ್ಲಿ ಸ್ಮಿತಾ ಬಾಗಿಲಿನ ಮೇಲೆ ಬಿಂದಿಗೆ ನೀರು ಸುರಿದು ತೆಂಗಿನ ನಾರಿನಿಂದ ಉಜ್ಜುತ್ತಿದ್ದಳು, ಪಾತ್ರೆ ಉಜ್ಜುವಾಗ ಎಂದೂ ಇಲ್ಲದ ಹುರುಪಿನಲ್ಲಿ. "ನಿಧಾನ ಕಣ್ ಮಗ, ಸವ್ದೋದಾತು," ಎನ್ನುತ್ತಿದ್ದ ಬೀರಯ್ಯ.

"ಹಾಂ, ಹೇಳಿ ಸಾ... ಯಾರು? ಅನಿಲ್‌ಕುಮಾರ್ ಅವರೇನಾ? ಈಗ್ಲೇ ಹೊರಟ್ರಾ? ಟ್ರ್ಯಾಕ್ಟರ್ ತಗೊಂಡು, ನಾಕು ಜನಾನೂ ಕರ್ಕೊಂಡು? ಅರ್ಧ ಗಂಟೇಲಿ?"

…

ಹದಿನೇಳು ದಿನ, ಎರಡು ದೂರು, ಮಲ್ಲಿಗಮ್ಮನ ಕಾಲು. ಯಾವುದಕ್ಕೂ ಏಳದ ಟ್ರ್ಯಾಕ್ಟರ್ರು ಮೂರು ಸಾಲು ಬರಹಕ್ಕೆ ಎದ್ದಿತ್ತು. ಸಂತೋಷಪಡಬೇಕೋ ಬೇಡವೋ ತಿಳಿಯದೆ ವಿಜಯಮ್ಮ ಸೆರಗಿನಿಂದ ಮುಖದ ಹಿಟ್ಟು ಒರೆಸಿಕೊಂಡಳು. ಒರೆಸಿಕೊಳ್ಳುತ್ತಿದ್ದಂತೆ ಒಂದು ಅನುಮಾನ ಬಂತು.

"ಸಾ, ಒಂದು ಮಾತು. ಟ್ರ್ಯಾಕ್ಟರ್ ಬರ್ತಿರೋದು ಚಪ್ಪಡಿ ಏರ್ಕೊಂಡಾ, ಇಲ್ಲ ಖಾಲಿನಾ?"

…

"ಅಲ್ಲ, ಅದಲ್ಲ ನಾನು ಕೇಳಿದ್ದು. ಬೋರ್ಡ್ ಎತ್ಕೊಂಡು ಓಗಾಕೆ ಬತ್ತಾವ್ರೋ, ಚಪ್ಪಡಿ ಹಾಕಾಕೆ ಬತ್ತಾವ್ರೋ? ಅದೊಂದು ಹೇಳ್ಬುಡಿ."

…

"ಯಾಕೆ ಅಂದ್ರೆ, ಬರೀ ಬೋರ್ಡ್ ಎತ್ಕೊಂಡು ಹೋದ್ರೆ ಗುಂಡಿ ಬಾಯಿ ಬಿಡ್ತದೆ. ನನ್ ಬಾಗಿಲು ಇನ್ನು ಆಚೆ ಬರಾಕಿಲ್ಲ ಸಾ, ಅದು ಮನೆ ಸೇರ್ತು. ಆಮೇಲೆ ಯಾರಾದ್ರೂ ಬಿದ್ರೆ ಯಾರ ಜವಾಬ್ದಾರಿ? ತೆಗೆದೋರದ್ದೇ ಅಲ್ವಾ? ಈಗ್ತಾನೆ ನೀವೇ ಅಂದ್ರಲ್ಲ? ಹಾಂ?"

…

"ಸಾ?"

…

ಅಂಗಳದ ಮೂಲೆಯಲ್ಲಿ ಬಾಗಿಲು ಕೀಲಿಗೆ ಕೂತ ಸದ್ದಾಯಿತು. ಬೀರಯ್ಯ ಕೈಯೊರೆಸಿಕೊಳ್ಳುತ್ತ ಬೀದಿಗೆ ಬಂದು, ಬಚ್ಚಲಿಗೆ ಬೆನ್ನು ಹಾಕಿ ನಿಂತುಕೊಂಡ. ಒಳಗಿನಿಂದ ಚಿಲಕ ಬಿತ್ತು. ನಟ್ಟ ನಡು ಬೆಳಗಿನ ಹೊತ್ತು, ಚೊಂಬಿನ ಮೇಲೆ ಚೊಂಬು, ಅವಸರವೇ ಇಲ್ಲದೆ ನೀರು ಬೀಳತೊಡಗಿತು.

ವಿಜಯಮ್ಮ ಫೋನನ್ನು ಆ ಕಿವಿಯಿಂದ ಈ ಕಿವಿಗೆ ಬದಲಿಸಿ, ಬೋರ್ಡಿನ ಅಂಚಿಗೆ ಕಾಲು ಊರಿ, ಮಾರ್ಕೆಟ್ಟಿನ ತಿರುವಿನ ಕಡೆಗೆ ನೋಡುತ್ತ ನಿಂತಳು.

"ಶಾಂತರಾಜು ಅವ್ರೇ, ಕೇಳಿಸ್ತೈತಾ? ಟ್ರ್ಯಾಕ್ಟರ್ ಇನ್ನೂ ಆಫೀಸ್ ಬಿಟ್ಟಿಲ್ಲ ಅಂದ್ರೆ ಒಂದು ಚಪ್ಪಡಿ ಏರಿಸ್ಕೊಂಡು ಬರಾಕೇಳಿ. ಒಂದೇ ಒಂದು. ನಾನು ಇಲ್ಲೇ ನಿಂತಿರ್ತೀನಿ, ಚಪ್ಪಡಿ ಕಾಣೋಗಂಟ ಬೋರ್ಡ್ ಬುಟ್ಟು ಕಾಲು ತೆಗೆಯಾಕಿಲ್ಲ. ಬರ್ಕೊಂಡ್ರಾ ಸಾ? ಹಲೋ... ಬರ್ಕೊಂಡ್ರಾ? ಹಲೋ..."